ವಿಳಾಸ ಸಾಲದು

ಮೂವತ್ತೊಂದು ವರ್ಷ ಈ ಕಲ್ಲಿಗೇ ನಾನು
ಸೈಕಲ್ಲು ಒರಗಿಸಿದ್ದು.
ಅಟ್ರಾಕ್ಟಾ ಗಿಲ್‌ಹೂಲಿಯ ಗೇಟಿನಿಂದ ಹತ್ತು ಮಾರು,
ಜೊಂಡು ಬೆಳೆದ ಹೊಲದ ಮೂಲೆ.
ಅಂಚೆ ಚೀಲ ಇಳಿಸಿ, ಕಾಲುಚೀಲ ಹಿಂಡಿ,
ಲೀಟ್ರಿಮ್ಮಿನ ಆಕಾಶಕ್ಕೆ ಒಂದು ಮಾತು ಬೈದು
ಮತ್ತೆ ಹತ್ತುತ್ತಿದ್ದೆ.
ಹಸುಗಳು ಮೈ ಉಜ್ಜಿಕೊಳ್ಳಲೆಂದು
ಯಾರೋ ಪುಣ್ಯಾತ್ಮ ನೆಟ್ಟದ್ದು,
ಅಷ್ಟೇ ಅಂದುಕೊಂಡಿದ್ದೆ.

ಕೆಲಸ ಬಿಟ್ಟ ಮೇಲೆ ಈ ಗುಂಪು ಸೇರಿದೆ.
ಏಳು ಜನ, ಒಂದು ಅಳತೆ ಪಟ್ಟಿ,
ಮಡಿಚಿದ ಗೆರೆಗಳಲ್ಲೇ ಊರುಗಳು ಸವೆದುಹೋದ ಹಳೆಯ ನಕ್ಷೆ.
ಭಾನುವಾರ ಚರ್ಚು ಬಿಟ್ಟ ಮೇಲೆ ಹೊಲ ಹೊಲ ಅಲೆಯುವುದು,
ಸುಣ್ಣದ ಗೂಡು, ಮುಚ್ಚಿದ ಬಾವಿ,
ದೀಕ್ಷಾಸ್ನಾನಕ್ಕೆ ಮೊದಲೇ ಹೋದ ಕೂಸುಗಳ ದಿಬ್ಬ
(ಅಲ್ಲಿ ಯಾರೂ ಪಟ್ಟಿ ಬಿಚ್ಚಲಿಲ್ಲ,
ಹೆಜ್ಜೆಯಲ್ಲೇ ಅಳೆದೆವು)
ಕಂಡದ್ದನ್ನು ಕಂಡ ಹಾಗೆ ಬರೆದುಕೊಳ್ಳುವುದು.
ಅಗೆಯುವ ಹಾಗಿಲ್ಲ. ಅದಕ್ಕೆ ಡಬ್ಲಿನ್ನಿನ ಕಾಗದ ಬೇಕು.

ನವೆಂಬರಿನ ಒಂದು ರಾತ್ರಿ ಡರ್ವ್ಲಾ, ಶಾಲೆಯ ಹುಡುಗಿ,
ಟಾರ್ಚನ್ನು ಕಲ್ಲಿನ ಮುಖಕ್ಕೆ ಹಿಡಿಯದೆ
ಪಕ್ಕದಿಂದ ಹಿಡಿದಳು.
ನೇರ ಬೆಳಕಿಗೆ ಬಾಯಿ ಬಿಡದ ಕಲ್ಲು
ಓರೆ ಬೆಳಕಿಗೆ ಎಲ್ಲ ಒಪ್ಪಿಕೊಂಡಿತು:
ಅಂಚಿನುದ್ದಕ್ಕೂ ಗೀಟು.
ಅಡ್ಡಕ್ಕೆ ಓರೆಯಾಗಿ ಒಂದು. ಅಂಚಿಗೇ ಕಚ್ಚು ಒಂದು.
ಎಡಕ್ಕೆ ಐದು. ಮತ್ತೆ ಕಚ್ಚು ಐದು.
ಹಾಲಿನ ಲೆಕ್ಕ ಗೋಡೆಗೆ ಗೀಚಿದ ಹಾಗೆ.

"ಓಗಮ್" ಅಂದರು ಮೇಷ್ಟ್ರು ಮಕ್‌ಗೋಲ್ಡ್ರಿಕ್,
ದನಗಳು ಎದ್ದುಬಿಟ್ಟಾವು ಎಂಬಂತೆ ದನಿ ತಗ್ಗಿಸಿ.
"ಬುಡದಿಂದ ಮೇಲಕ್ಕೆ ಓದಬೇಕು.
ಇಂಥವನ ಕಲ್ಲು, ಇಂಥವನ ಮಗನ ಕಲ್ಲು, ಹೀಗಿರುತ್ತೆ.
ಇಲ್ಲಿ ಉಳಿದದ್ದು ನಡುವಿನ ಮಾತು ಒಂದೇ:
ಮಗನ."

ಮಗನ ಹೆಸರು ಮಣ್ಣಿನೊಳಗೆ.
ಅಪ್ಪನ ಹೆಸರು
ಹದಿನೈದು ನೂರು ವರ್ಷದ ದನಗಳ ಬೆನ್ನ ಮೇಲೆ
ಒಂದೊಂದೇ ಗೀಟಾಗಿ ಸಂತೆಗೆ ಹೋಗಿದೆ.
ನನ್ನ ಸೈಕಲ್ಲಿನ ಹಿಡಿ ತಾಗುತ್ತಿದ್ದ ಜಾಗವನ್ನು
ನಾನು ಯಾರಿಗೂ ತೋರಿಸಲಿಲ್ಲ.

ಅಂಚೆಯವನಿಗೆ ಇದೇನು ಹೊಸದಲ್ಲ.
ಈ ಪ್ಯಾರಿಷ್ಷಿನಲ್ಲಿ ಮಲ್ವಿಗಳೇ ಹದಿನಾಲ್ಕು ಮನೆ,
ಅದರಲ್ಲಿ ಆರು ಜನ ಜಾನ್.
ಬಾಸ್ಟನ್ನಿನಿಂದ ಬರೆಯುತ್ತಿದ್ದರು:
"ಜಾನ್, ಕುಂಟ ಪೀಟರನ ಮಗ, ಕೆರೆ ದಾಟಿ."
ನಾನು ಬಾಗಿಲು ತಪ್ಪಿದ್ದು ಎರಡೇ ಸಲ,
ಅದರಲ್ಲೊಂದು ಬೇಕೆಂದೇ.
ಆದರೆ ಎರಡೂ ಹೆಸರು ನೀರಿಗೆ ಅಳಿಸಿ
ಮಗ ಎಂಬುದೊಂದೇ ಉಳಿದ ಲಕೋಟೆ
ಯಾರ ಬಾಗಿಲ ಸಂದಿಗೆ ತುರುಕಲಿ?
ವಿಳಾಸ ಸಾಲದು ಎಂದು ಮೊಹರು ಹೊಡೆದು
ವಾಪಸು ಕಳಿಸೋಣವೆಂದರೆ
ಕಳಿಸಿದವನ ಊರೂ ಇದೇ.

ಮ್ಯೂಸಿಯಮ್ಮಿನವರು ಬಂದರು. ಒಣಗಿದ ಕೋಣೆ,
ಗಾಜು, ದೀಪ, ಎಲ್ಲ ಇದೆ ಅಂದರು. ಸುಳ್ಳಲ್ಲ.
ಅಟ್ರಾಕ್ಟಾ ಬಕೆಟ್ಟು ಕೆಳಗಿಡದೆಯೇ ಕೇಳಿದಳು:
"ಇದರ ಹೆಸರೇ ಕಲ್ಲಹೊಲ.
ಕಲ್ಲು ನೀವು ಒಯ್ದರೆ
ಹೊಲವನ್ನು ನಾನು ಏನಂತ ಕರೆಯಲಿ?"
ಮೇಷ್ಟ್ರು ಇವತ್ತಿಗೂ ಅವಳ ಹತ್ತಿರ ಮಾತಾಡುವುದಿಲ್ಲ.
ಒಯ್ಯಬೇಕಿತ್ತು ಅನ್ನುತ್ತಾರೆ. ಇರಬಹುದು.

ಈಗ ಸುತ್ತ ನಾಲ್ಕು ಕಂಬ, ತಂತಿ ಬೇಲಿ.
ದನಗಳಿಗೆಂದು ಬೇರೆ ಗೂಟ ನೆಟ್ಟು
ಬೀದಿ ಗುಡಿಸುವ ಬ್ರಷ್ಷು ಬಿಗಿದಿದ್ದಾಳೆ.
ಅವು ಅದನ್ನು ಮೂಸಿಯೂ ನೋಡುವುದಿಲ್ಲ,
ಬೇಲಿಯ ಮೇಲೆ ಕತ್ತು ಚಾಚಿ ನಿಲ್ಲುತ್ತವೆ,
ಬಾಗಿಲು ಹಾಕಿದ ಅಂಗಡಿ ಮುಂದೆ ಗಿರಾಕಿಗಳಂತೆ.

ಮೊನ್ನೆ ಹೋದಾಗ ಸೈಕಲ್ಲನ್ನು ಹುಲ್ಲಿನಲ್ಲಿ ಮಲಗಿಸಿದೆ.
ಹತ್ತು ದಿನದ ಕರು, ಕಿವಿಗೆ ಹಳದಿ ಬಿಲ್ಲೆ.
"ಇದರ ತಾಯಿ ಯಾರು, ಹುಟ್ಟಿದ್ದು ಯಾವ ಹೊತ್ತು,
ಸರ್ಕಾರಕ್ಕೆ ಎಲ್ಲ ಗೊತ್ತು" ಎಂದು ನಕ್ಕಳು.
ಅಷ್ಟರಲ್ಲಿ ಕರು ತಂತಿಯ ಕೆಳಗೆ ನುಸುಳಿ
ಗೀಟುಗಳಿದ್ದ ಅಂಚಿಗೇ ಕತ್ತು ಆನಿಸಿ
ಕಣ್ಣು ಮುಚ್ಚಿ ಉಜ್ಜತೊಡಗಿತು.

ಓಡಿಸಬೇಕಿತ್ತು.
ಇಬ್ಬರೂ ಒಂದು ಗಳಿಗೆ ತಡೆದೆವು.